ಕಂಠ ಯಾರ ಸೊತ್ತು?

ಯಶವಂತಪುರದ ರೈಲುನಿಲ್ದಾಣಕ್ಕೆ ಸಮೀಪದಲ್ಲಿ ಮನೆ ಮಾಡಿದವನಿಗೆ ಎರಡು ಲಾಭಗಳುಂಟು. ಒಂದು, ಗಡಿಯಾರ ಕೊಳ್ಳಬೇಕಾಗಿಲ್ಲ. ಇನ್ನೊಂದು, ನಿದ್ರೆ ಬಾರದ ರಾತ್ರಿಗಳಲ್ಲಿ, ಕೂಗಿಕೊಂಡು ಹೋಗುವ ಗಾಡಿಯ ಹಿಂದೆ ಮನಸ್ಸನ್ನೂ ಕಳಿಸಿಬಿಡಬಹುದು. ಅದಕ್ಕೆ ಟಿಕೀಟು ಬೇಕಿಲ್ಲ. ನನ್ನ ಮನಸ್ಸು ಹೆಚ್ಚಾಗಿ ಹೋಗುವುದು ಹುಬ್ಬಳ್ಳಿಯ ದಾರಿಯಲ್ಲಿ. ತುಮಕೂರು ದಾಟಿದರೆ ಗುಬ್ಬಿ. ಆಮೇಲೆ ತಿಪಟೂರು, ಅರಸೀಕೆರೆ, ದಾವಣಗೆರೆ, ಹಾವೇರಿ. ಹುಬ್ಬಳ್ಳಿ ಇನ್ನೇನು ಬಂತು ಎಂದು ಜನ ಗಂಟುಮೂಟೆ ಕೆಳಗಿಳಿಸುವ ಹೊತ್ತಿಗೆ ಸಂಶಿ, ಅದರ ಬೆನ್ನಿಗೇ ಕುಂದಗೋಳ. ಗುಬ್ಬಿ ನಾಟಕದ ಊರು. ಕುಂದಗೋಳ ಸಂಗೀತದ ಊರು. ಎರಡೂ ಒಂದೇ ಹಳಿಯ ಮೇಲಿವೆ ಎಂಬ ಸಂಗತಿ ನನಗೆ ಹೊಳೆದದ್ದು ತೀರ ಈಚೆಗೆ. ಹೊಳೆಯುವುದು ಸ್ವಲ್ಪ ತಡವಾಯಿತು. ಏಕೆ ತಡವಾಯಿತೆಂದರೆ, ಅಷ್ಟರಲ್ಲಿ ನಾನು ಒಬ್ಬ ಹುಡುಗನಿಗೆ ಬುದ್ಧಿ ಹೇಳಿ ಆಗಿತ್ತು.

ನಾನು ಪಾಠ ಹೇಳುವುದು ಯಲಹಂಕದ ಕಡೆಯ ಒಂದು ಕಾಲೇಜಿನಲ್ಲಿ. ವಾಣಿಜ್ಯದ ಹುಡುಗರಿಗೆ ಕನ್ನಡ. ಲೆಕ್ಕಪತ್ರದ ನಡುವೆ ಎರಡು ಪದ್ಯ, ಒಂದು ಕತೆ. ಅವರಲ್ಲಿ ಒಬ್ಬ, ಹೆಸರು ಬೇಡ, ಹಳಗನ್ನಡದ ಪದ್ಯವನ್ನು ಓದಲು ನಿಲ್ಲಿಸಿದರೆ ಓದುತ್ತಿರಲಿಲ್ಲ. ಅವನಿಗರಿವಿಲ್ಲದೆಯೇ ಅದು ರಾಗವಾಗಿ ಹೊರಡುತ್ತಿತ್ತು. ಒಂಬತ್ತು ವರ್ಷ ಒಬ್ಬ ಹಿರಿಯ ವಿದ್ವಾಂಸರಲ್ಲಿ ಸಂಗೀತ ಕಲಿತ ಹುಡುಗ. ತಂದೆ ಪೀಣ್ಯದ ಕಡೆ ಯಾವುದೋ ಸಣ್ಣ ಕಾರ್ಖಾನೆಯಲ್ಲಿ ಲೇತ್ ಕೆಲಸದವರು. ಮೂರು ವರ್ಷದ ಹಿಂದೆ ಅವರ ಬಲಗೈಗೆ ಪೆಟ್ಟಾಗಿ ಮನೆಯಲ್ಲಿ ಕುಳಿತರು. ಅದೇ ಸಮಯಕ್ಕೆ ಗಣೇಶನ ಹಬ್ಬ ಬಂತು. ನಮ್ಮ ಉತ್ತರ ಬೆಂಗಳೂರಿನಲ್ಲಿ ಗಣೇಶನ ಹಬ್ಬವೆಂದರೆ ಒಂದು ದಿನದ್ದಲ್ಲ. ಹೆಬ್ಬಾಳದಲ್ಲಿ ಮುಳುಗಿದ ಗಣಪತಿ ಆರ್.ಟಿ. ನಗರದಲ್ಲಿ ಇನ್ನೂ ಕುಳಿತಿರುತ್ತಾನೆ. ಹಬ್ಬ ಮುಗಿಯಿತೆನ್ನುವಾಗ ರಾಜ್ಯೋತ್ಸವದ ಪೆಂಡಾಲುಗಳು ಏಳುತ್ತವೆ. ಪೆಂಡಾಲು ಎದ್ದಲ್ಲೆಲ್ಲ ಆರ್ಕೆಸ್ಟ್ರಾ. ಹುಡುಗನಿಗೆ ಕರೆ ಬಂತು. ರಾತ್ರಿಗೆ ಎರಡು ಸಾವಿರ ರೂಪಾಯಿ. ಗುರುಗಳು ಒಂದೇ ಮಾತಿನಲ್ಲಿ ಮುಗಿಸಿದರಂತೆ: "ಅಲ್ಲಿ ಹಾಡಿದರೆ ಇಲ್ಲಿಗೆ ಬರಬೇಡ."

ಅವನು ನನ್ನಲ್ಲಿಗೆ ಬಂದ. "ಏನ್ಮಾಡ್ಲಿ ಸಾರ್, ನೀವೇ ಹೇಳಿ," ಎಂದ. ನಾನು ಹೇಳಿದೆ. ವಿದ್ಯೆ ಮಾರುವ ಸರಕಲ್ಲ ಎಂದೆ. ಗುರುವಿನ ಮಾತು ಮೀರಿದವನ ವಿದ್ಯೆ ನಿಲ್ಲುವುದಿಲ್ಲ ಎಂದೆ. ಕಷ್ಟ ಇಂದಿದೆ, ನಾಳೆ ಹೋಗುತ್ತದೆ, ಕಂಠ ಹೋದರೆ ಬರುತ್ತದೆಯೇ ಎಂದೆ. ಬಹಳ ಚೆನ್ನಾಗಿ ಮಾತಾಡಿದೆನೆಂದು ಆಗ ನನಗನ್ನಿಸಿತು. ಅಂದು ತಿಂಗಳ ಒಂದನೆಯ ತಾರೀಕು. ವಿದ್ಯೆಯನ್ನು ಮಾರಿದ್ದಕ್ಕಾಗಿ ನನ್ನ ಸಂಬಳ ಬೆಳಿಗ್ಗೆಯೇ ಬ್ಯಾಂಕಿಗೆ ಬಂದಿತ್ತು. ಆ ವಿರೋಧ ಆಗ ನನ್ನ ಕಣ್ಣಿಗೆ ಬೀಳಲಿಲ್ಲ.

ಇರಲಿ. ಈಗ ಕುಂದಗೋಳಕ್ಕೆ ಹೋಗೋಣ.

ಈ ಊರು ಹಿಂದೆ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಇಲ್ಲಿ 1886ರಲ್ಲಿ ಹುಟ್ಟಿದ ರಾಮಚಂದ್ರ ಎಂಬ ಹುಡುಗನೇ ಮುಂದೆ ಸವಾಯಿ ಗಂಧರ್ವರೆಂದು ಹೆಸರಾದ ರಾಮಭಾವು ಕುಂದಗೋಳಕರರು. ಊರಿನ ನಾಡಿಗೇರರ ವಾಡೆಗೆ ದೊಡ್ಡ ದೊಡ್ಡ ಗವಾಯಿಗಳು ಬರುತ್ತಿದ್ದರು. ಅವರಲ್ಲಿ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರೂ ಒಬ್ಬರು. ರಾಮಭಾವು ಅವರ ಶಿಷ್ಯರಾದರು. ಗುರುವಿನ ಮನೆಯಲ್ಲಿದ್ದುಕೊಂಡು, ಗುರುವಿನೊಡನೆ ಊರೂರು ಅಲೆದು, ವರ್ಷಗಟ್ಟಲೆ ಸ್ವರ ತಿದ್ದಿಸಿಕೊಂಡರು. ಬಾಲ್ಯದ ಇಂಪು ಪ್ರಾಯಕ್ಕೆ ಬಂದಾಗ ಒಡೆದುಹೋಯಿತು, ಉಳಿದ ಒರಟು ಕಂಠವನ್ನು ಸಾಧನೆಯಿಂದಲೇ ಒಲಿಸಿಕೊಳ್ಳಬೇಕಾಯಿತು ಎಂದು ಬಲ್ಲವರು ಹೇಳುತ್ತಾರೆ. ಹುಟ್ಟಿನಿಂದ ಬಂದ ಕಂಠವಲ್ಲ ಅದು, ಕಟ್ಟಿದ ಕಂಠ. ಕಟ್ಟಿದವರು ಇಬ್ಬರು: ಗುರು ಮತ್ತು ಶಿಷ್ಯ.

ಇಂಥ ಕಂಠವನ್ನು ತೆಗೆದುಕೊಂಡು ಆತ ಹೋದದ್ದೆಲ್ಲಿಗೆ? ಮರಾಠಿ ನಾಟಕ ಕಂಪನಿಗೆ. ಗುರುಗಳಿಗೆ ಇದು ಸ್ವಲ್ಪವೂ ಇಷ್ಟವಿರಲಿಲ್ಲ. ಆದರೂ ಹೋದರು, ಸೀರೆಯುಟ್ಟು ಸ್ತ್ರೀಪಾತ್ರ ವಹಿಸಿದರು, ರಂಗಗೀತೆ ಹಾಡಿದರು, ಜನ ಹುಚ್ಚೆದ್ದು ಕೇಳಿದರು. ಆಗ ಮರಾಠಿ ರಂಗಭೂಮಿಯ ಕಣ್ಮಣಿ ಬಾಲಗಂಧರ್ವರು. ಇವರು ಅವರಿಗಿಂತಲೂ ಕಾಲುಪಾಲು ಹೆಚ್ಚು ಎಂಬ ಅಭಿಮಾನದಲ್ಲಿ 'ಸವಾಯಿ ಗಂಧರ್ವ' ಎಂಬ ಹೆಸರು ಹುಟ್ಟಿತು. ಸವಾಯಿ ಎಂದರೆ ಒಂದೂಕಾಲು ತಾನೆ? ಇಂದು ನಾವು ಶಾಸ್ತ್ರೀಯ ಸಂಗೀತದ ಶಿಖರವೆಂದು ಗೌರವದಿಂದ ಉಚ್ಚರಿಸುವ ಹೆಸರು ಬಂದದ್ದು ಯಾವ ದರ್ಬಾರಿನಿಂದಲೂ ಅಲ್ಲ, ನಾಟಕದಿಂದ. ಗುರುಗಳು ಬೇಡವೆಂದ ಬೀದಿಯಲ್ಲೇ ಶಿಷ್ಯನಿಗೆ ನಾಮಕರಣವಾಯಿತು.

ಆ ಕಾಲದ ಸಂಗೀತ ನಾಟಕವನ್ನು ಇಂದಿನ ವಾಚಕರು ಕಲ್ಪಿಸಿಕೊಳ್ಳುವುದು ಕಷ್ಟ. ಅದರ ಮೂಲಪುರುಷ ಅಣ್ಣಾಸಾಹೇಬ ಕಿರ್ಲೋಸ್ಕರರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಅವರ 'ಶಾಕುಂತಲ' 1880ರಲ್ಲಿ, 'ಸೌಭದ್ರ' 1882ರಲ್ಲಿ ರಂಗಕ್ಕೆ ಬಂದ ಮೇಲೆ ನಾಟಕವೆಂದರೆ ಹಾಡು, ಹಾಡೆಂದರೆ ನಾಟಕ ಎಂಬಂತಾಯಿತು. ಯೂರೋಪಿನವರಿಗೆ ಒಪೆರಾ ಇದ್ದಂತೆ ನಮಗೆ ಇದು. ವ್ಯತ್ಯಾಸವಿಷ್ಟೆ: ಅಲ್ಲಿ ಒಪೆರಾ ಹಾಡುವವನೇ ದೊಡ್ಡ ಗಾಯಕ, ಇಲ್ಲಿ ನಾಟಕದಲ್ಲಿ ಹಾಡಿದವನನ್ನು ಬೈಠಕ್ಕಿನ ಗವಾಯಿ ಓರೆಗಣ್ಣಿನಿಂದ ನೋಡುತ್ತಿದ್ದ.

ಈ ಓರೆಗಣ್ಣನ್ನು ಬರಿಯ ಜಂಬವೆಂದು ತಳ್ಳಿಹಾಕುವ ಹಾಗಿಲ್ಲ. ಕಿರಾಣಾ ಪದ್ಧತಿಯ ಜೀವ ಇರುವುದು ಸ್ವರದಲ್ಲಿ. ಒಂದೊಂದು ಸ್ವರವನ್ನೂ ಹಾಲಿಗೆ ಹೆಪ್ಪು ಹಾಕುವಷ್ಟು ಜಾಗರೂಕತೆಯಿಂದ ಮುಟ್ಟುತ್ತಾರೆ. ನಾಟಕದ ಥಿಯೇಟರಿನಲ್ಲಿ ಆಗ ಧ್ವನಿವರ್ಧಕವಿರಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತು ಕಡಲೆಕಾಯಿ ಬಿಡಿಸುವವನಿಗೂ ಕೇಳುವಂತೆ ಕಂಠವನ್ನು ಎಸೆಯಬೇಕು, ರಾತ್ರಿಯೆಲ್ಲ ಎಸೆಯಬೇಕು, ಮರುದಿನ ಮತ್ತೆ. ಕ್ಷೌರದ ಕತ್ತಿಯಿಂದ ಸೌದೆ ಸೀಳಿದ ಹಾಗೆ. ಕತ್ತಿಯನ್ನು ಸಾಣೆ ಹಿಡಿದವನಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ಖಾನ್ ಸಾಹೇಬರ ಅಸಮಾಧಾನವನ್ನು ನಾನು ಅರ್ಥಮಾಡಿಕೊಳ್ಳುವುದು ಹೀಗೆ. ನನ್ನ ವಿದ್ಯಾರ್ಥಿಯ ಗುರುಗಳ ಕಟುಮಾತಿನ ಹಿಂದೆಯೂ ಇಂಥದೇ ಸಂಕಟ ಇದ್ದಿರಬೇಕು.

ಆದರೆ ಕತೆ ಇಲ್ಲಿಗೆ ಸರಳವಾಗಿ ಮುಗಿಯುವುದಿಲ್ಲ. ಶಿಷ್ಯ ನಾಟಕಕ್ಕೆ ಹೋದನೆಂದು ನೊಂದ ಅಬ್ದುಲ್ ಕರೀಂ ಖಾನರು ತಾವೇ ಮರಾಠಿ ನಾಟ್ಯಗೀತೆಗಳನ್ನು ಹಾಡಿದವರು. 'ಚಂದ್ರಿಕಾ ಹೀ ಜಣು' ಎಂಬ ಅವರ ಗ್ರಾಮಫೋನ್ ತಟ್ಟೆಯನ್ನು ಇಂದೂ ರಸಿಕರು ಹುಡುಕಿ ಕೇಳುತ್ತಾರೆ. ತ್ಯಾಗರಾಜರ ಕೃತಿಯನ್ನೂ ಕಲಿತು ಹಾಡಿದರು. ಅವರ ಮಗಳು ಹೀರಾಬಾಯಿ ಬಡೋದೇಕರರೂ ಮುಂದೆ ಮರಾಠಿ ರಂಗಭೂಮಿಯ ಮೇಲೆ ನಿಂತು ನಟಿಸಿ ಹಾಡಿದವರೇ. ಅಂದಮೇಲೆ ಆ ಗುರುವಿಗೆ ನಾಟಕದ ಹಾಡು ಮೈಲಿಗೆಯಾಗಿರಲಿಲ್ಲ. ಹಾಡನ್ನು ಹಾಡುವುದು ಬೇರೆ, ಹಾಡಿನ ಅಂಗಡಿಗೆ ಆಳಾಗುವುದು ಬೇರೆ ಎಂಬ ಭೇದವೇನಾದರೂ ಅವರ ಮನಸ್ಸಿನಲ್ಲಿತ್ತೋ ಏನೋ. ಅದಿದ್ದರೆ ಅದು ಸೂಕ್ಷ್ಮವಾದ ಭೇದ. ನಾವು ಉಪದೇಶಿಗಳು ಅಷ್ಟು ಸೂಕ್ಷ್ಮಕ್ಕೆ ಹೋಗುವುದಿಲ್ಲ. ನಮಗೆ ಪೆಂಡಾಲು ಕಂಡರೆ ಸಾಕು, ಮೂಗು ಮುಚ್ಚುತ್ತೇವೆ.

ಇನ್ನೊಂದು ಮಾತು. ದೊರೆಗಳ ಆಶ್ರಯ ಬತ್ತುತ್ತ ಬಂದ ಕಾಲದಲ್ಲಿ ಸಂಗೀತಗಾರನಿಗೆ ಅನ್ನ ಹಾಕಿದ್ದು ಕಂಪನಿ ನಾಟಕ. ಹೊಟ್ಟೆಗೆ ಹಿಟ್ಟಿದ್ದರೆ ತಾನೆ ಜುಟ್ಟಿಗೆ ಮಲ್ಲಿಗೆ ಹೂ? ಮಲ್ಲಿಕಾರ್ಜುನ ಮನಸೂರರನ್ನು ನೋಡಿ. ಧಾರವಾಡದ ಬಳಿಯ ಮನಸೂರಿನಲ್ಲಿ 1910ರ ಕೊನೆಯ ದಿನ ಹುಟ್ಟಿದ ಈ ಹುಡುಗ ಮೊದಲು ಸೇರಿದ್ದು ನಾಟಕ ಕಂಪನಿಯನ್ನು; ರಂಗದ ಮೇಲೆ ಹಾಡುತ್ತಿದ್ದುದನ್ನು ಕೇಳಿಯೇ ಅಪ್ಪಯ್ಯಸ್ವಾಮಿಗಳು ಶಿಷ್ಯನನ್ನಾಗಿ ಕರೆದುಕೊಂಡರು. ಅವನು ಗುರುವನ್ನು ಹುಡುಕಿ ಹೋಗಲಿಲ್ಲ. ಗುರು ನಾಟಕಕ್ಕೆ ಬಂದರು. ಅಷ್ಟು ದೂರವೇಕೆ, ನಮ್ಮ ಯಶವಂತಪುರದಿಂದ ತುಮಕೂರು ರಸ್ತೆ ಹಿಡಿದು ಹೋದರೆ ಸಿಗುವ ನೆಲಮಂಗಲ ತಾಲ್ಲೂಕಿನ ಚೌಡಸಂದ್ರದವರು ಹೊನ್ನಪ್ಪ ಭಾಗವತರು. ಸಂಗೀತ ಕಲಿತರು, ಗುಬ್ಬಿ ಕಂಪನಿಯಲ್ಲಿ ನಟಿಸಿದರು, ಸಿನಿಮಾಕ್ಕೂ ಹೋದರು. 1955ರಲ್ಲಿ 'ಮಹಾಕವಿ ಕಾಳಿದಾಸ' ಚಿತ್ರ ತೆಗೆದು ಅದರಲ್ಲಿ ಬಿ. ಸರೋಜಾದೇವಿಯವರನ್ನು ತೆರೆಗೆ ತಂದರು. ಸಿನಿಮಾ ನಟನಾದರೂ ಅವರ ಹೆಸರಿನ ತುದಿಯ 'ಭಾಗವತರ್' ಎಂಬುದನ್ನು ಯಾರೂ ಕಿತ್ತುಹಾಕಲಿಲ್ಲ.

ಸವಾಯಿ ಗಂಧರ್ವರ ಬಾಳಿನ ಉತ್ತರಾರ್ಧವೇ ನನ್ನನ್ನು ಹೆಚ್ಚು ಕಾಡಿದ್ದು. ಯೌವನದ ಬಹುಭಾಗವನ್ನು ನಾಟಕಕ್ಕೆ ಕೊಟ್ಟ ಮೇಲೆ ಅವರು ರಂಗ ಬಿಟ್ಟು ಬೈಠಕ್ಕಿಗೆ ಮರಳಿದರು. ಕುಂದಗೋಳದಲ್ಲಿ ಶಿಷ್ಯರಿಗೆ ಪಾಠ ಹೇಳಿದರು. ಗದಗಿನ ಮನೆಯಿಂದ ಹಾಡಿನ ಹುಚ್ಚು ಹಿಡಿದು ಓಡಿಹೋಗಿ ಊರೂರು ಅಲೆದ ಭೀಮಸೇನ ಜೋಶಿ ಕೊನೆಗೆ ಬಂದು ನಿಂತದ್ದು ಈ ಮನೆಯ ಬಾಗಿಲಲ್ಲಿ. ನೀರು ಹೊತ್ತು, ಮನೆಗೆಲಸ ಮಾಡಿ ಕಲಿತರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬಂದು, ಪಾಠ ಮುಗಿಸಿ, ಕತ್ತಲಾದ ಮೇಲೆ ಮತ್ತೆ ಗಾಡಿ ಹಿಡಿಯುತ್ತಿದ್ದರು. ಹುಡುಗ ಭೀಮಸೇನ ಸ್ಟೇಷನ್ನಿನವರೆಗೆ ಜೊತೆಗೆ ಹೋಗಿ ಗಾಡಿ ಹತ್ತಿಸಿ ಬರುತ್ತಿದ್ದನಂತೆ. ಬಸವರಾಜ ರಾಜಗುರು, ಫಿರೋಜ್ ದಸ್ತೂರ್ ಮೊದಲಾದವರೂ ಇವರ ಶಿಷ್ಯರೇ.

ಪಾಠವಾದರೂ ಎಂಥದು? ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ. ನಾಳೆಯೂ ಅದೇ. ಮುಂದಿನ ತಿಂಗಳೂ ಅದೇ. ಒಂದು ಸ್ವರಪುಂಜವನ್ನು ಹಿಡಿದರೆ ಅದು ನೆಟ್ಟಗೆ ಬರುವವರೆಗೆ ಬಿಡುಗಡೆಯಿಲ್ಲ. ಇದನ್ನು ಓದುವಾಗ ನನಗೊಂದು ಚೋದ್ಯ ಕಂಡಿತು. ನಾಟಕದಲ್ಲಿ ಜನ 'ವನ್ಸ್ ಮೋರ್' ಎಂದು ಕೂಗುತ್ತಾರೆ. ನಟ ಅದೇ ಹಾಡನ್ನು ಮತ್ತೆ ಹಾಡುತ್ತಾನೆ. ಪಾಠದ ಮನೆಯಲ್ಲಿ ಗುರು 'ಇನ್ನೊಮ್ಮೆ' ಎನ್ನುತ್ತಾನೆ. ಶಿಷ್ಯ ಅದೇ ಸ್ವರವನ್ನು ಮತ್ತೆ ಹಾಡುತ್ತಾನೆ. ಕೇಳುವುದಕ್ಕೆ ಎರಡೂ ಒಂದೇ ಮಾತು. ಒಂದು, ಚೆನ್ನಾಗಿತ್ತು ಎಂದು ಮತ್ತೆ ಹಾಡಿಸುವುದು. ಇನ್ನೊಂದು, ಚೆನ್ನಾಗಿಲ್ಲ ಎಂದು ಮತ್ತೆ ಹಾಡಿಸುವುದು. ಮೊದಲನೆಯದರಿಂದ ಗಾಯಕ ತನ್ನನ್ನೇ ಅನುಕರಿಸುತ್ತ ಹೋಗುತ್ತಾನೆ. ಎಷ್ಟೋ ವರ್ಷ ಈ ಮೊದಲನೆಯ 'ಇನ್ನೊಮ್ಮೆ'ಯ ರುಚಿ ಉಂಡ ಮನುಷ್ಯ, ತನ್ನ ಶಿಷ್ಯರಿಗೆ ಎರಡನೆಯದನ್ನು ಮಾತ್ರ ಕೊಟ್ಟರು. ರಂಗದ ಮೇಲೆ ನಿಲ್ಲದೆ ಇದ್ದಿದ್ದರೆ ಅವರು ಇಷ್ಟು ಕಟ್ಟುನಿಟ್ಟಿನ ಗುರುವಾಗುತ್ತಿದ್ದರೋ ಇಲ್ಲವೋ, ಹೇಳಲಾರೆ. ಚಪ್ಪಾಳೆ ಏನು ಮಾಡುತ್ತದೆಂಬುದು ಚಪ್ಪಾಳೆ ಹೊಡೆಸಿಕೊಂಡವನಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು ಎಂದು ಮಾತ್ರ ನನ್ನ ಊಹೆ.

ಪಾರ್ಶ್ವವಾಯು ಬಡಿದು ಅವರ ಹಾಡು ಕೊನೆಯ ವರ್ಷಗಳಲ್ಲಿ ನಿಂತುಹೋಯಿತು. 1952ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಮರುವರ್ಷದಿಂದ ಅವರ ಹೆಸರಿನಲ್ಲಿ ಪುಣೆಯಲ್ಲಿ ನಡೆಯತೊಡಗಿದ ಸಂಗೀತೋತ್ಸವವನ್ನು ಭೀಮಸೇನ ಜೋಶಿಯವರು ಬೆಳೆಸಿದ ಬಗೆ ಎಲ್ಲರಿಗೂ ಗೊತ್ತು. ಅಬ್ದುಲ್ ಕರೀಂ ಖಾನರ ಗಾಯಕಿ ಕನ್ನಡ ನಾಡಿನಲ್ಲಿ ಬೇರೂರಿದ್ದು, ಅವರ ಮಾತು ಮೀರಿ ನಾಟಕಕ್ಕೆ ಹೋದ ಈ ಶಿಷ್ಯನಿಂದಲೇ.

ಹಾಗಾದರೆ ಮಾತು ಮೀರಿದ್ದೇ ಸರಿಯಾಯಿತೆಂದು ತೀರ್ಪು ಕೊಡೋಣವೇ? ಇಲ್ಲಿ ನನಗೆ ಧೈರ್ಯ ಸಾಲದು. ಫಲ ನೋಡಿ ಕೆಲಸದ ಯೋಗ್ಯತೆಯನ್ನು ಅಳೆಯುವುದು ಲಾಟರಿ ಹೊಡೆದವನನ್ನು ನೋಡಿ ಜೂಜು ಧರ್ಮವೆಂದಂತೆ. ಗುರುವನ್ನು ಬಿಟ್ಟು ಕಂಪನಿ ಸೇರಿ, ಕಂಠ ಸವೆದು, ಕಂಪನಿ ಮುಳುಗಿ, ಯಾವುದೋ ಊರಿನ ಛತ್ರದಲ್ಲಿ ಕೊನೆಗಂಡವರು ಎಷ್ಟು ಮಂದಿಯೋ. ಅವರ ಹೆಸರಿನಲ್ಲಿ ಉತ್ಸವಗಳಿಲ್ಲ. ಹಾಗೆಯೇ, ಗುರುವಿನ ಮಾತಿಗೆ ಕಟ್ಟುಬಿದ್ದು, ಹಸಿದು, ಹಾಡನ್ನೇ ಬಿಟ್ಟವರು ಎಷ್ಟೋ; ಅವರ ಲೆಕ್ಕವನ್ನೂ ಯಾರೂ ಇಟ್ಟಿಲ್ಲ. ನಮ್ಮ ಕಣ್ಣೆದುರಿಗಿರುವುದು ಗೆದ್ದವರ ಬಾಳು ಮಾತ್ರ. ಅದನ್ನಿಟ್ಟುಕೊಂಡು ಯಾವ ನೀತಿಯನ್ನು ಬೇಕಾದರೂ ಸಾಧಿಸಬಹುದು.

ಪಶ್ಚಿಮದಲ್ಲಿಯೂ ಈ ಪ್ರಶ್ನೆ ಎದ್ದಿದೆ. ಆಸ್ಟ್ರಿಯದಲ್ಲಿ 1891ರಲ್ಲಿ ಹುಟ್ಟಿದ ರಿಚರ್ಡ್ ಟೌಬರ್ ಟೆನರ್ ಗಾಯಕ. ಅಂದರೆ ಗಂಡುದನಿಗಳಲ್ಲಿ ಮೇಲಿನ ಸ್ಥಾಯಿಯವನು. ಮೊಟ್ಸಾರ್ಟನ ಒಪೆರಾಗಳಲ್ಲಿ ಹಾಡಿ ಹೆಸರು ಪಡೆದವನು 1920ರ ದಶಕದಲ್ಲಿ ಲೆಹಾರ್ ಎಂಬವನ ಹಗುರವಾದ ಗೀತನಾಟಕಗಳತ್ತ ಹೊರಳಿದ. ಜನ ಮುಗಿಬಿದ್ದರು, ಪಂಡಿತರು ಮೂಗು ಮುರಿದರು. ಹಿಟ್ಲರನ ಕಾಲ ಬಂತು. ಅವನು ದೇಶ ಬಿಟ್ಟು ಇಂಗ್ಲೆಂಡು ಸೇರಿದ. ಯುದ್ಧ ಮುಗಿದ ಮೇಲೆ, 1947ರ ಸೆಪ್ಟೆಂಬರಿನಲ್ಲಿ, ವಿಯೆನ್ನದ ಒಪೆರಾ ಮಂಡಳಿ ಲಂಡನ್ನಿಗೆ ಬಂದಾಗ ಹಳೆಯ ಗೆಳೆಯನಿಗೆ ಒಂದು ರಾತ್ರಿಯ ಪಾತ್ರ ಕೊಟ್ಟಿತು: ಮೊಟ್ಸಾರ್ಟನ 'ಡಾನ್ ಜಿಯೊವಾನಿ'ಯಲ್ಲಿ ಡಾನ್ ಒಟ್ಟಾವಿಯೊ. ಉಸಿರು ಹಿಡಿದು ಉದ್ದುದ್ದ ಸಾಲು ಎಳೆಯಬೇಕಾದ ಪಾತ್ರವದು. ಅವನ ಒಂದು ಶ್ವಾಸಕೋಶ ಕ್ಯಾನ್ಸರಿನಿಂದ ಹಾಳಾಗಿತ್ತು. ಹಾಡಿದ. ಕೆಲವೇ ದಿನಗಳಲ್ಲಿ ವೈದ್ಯರು ಆ ಶ್ವಾಸಕೋಶವನ್ನು ಕತ್ತರಿಸಿ ತೆಗೆದರು. 1948ರ ಜನವರಿಯಲ್ಲಿ ಸತ್ತ. ಇಪ್ಪತ್ತು ವರ್ಷ ಜನರಿಗಾಗಿ ಹಗುರವಾದದ್ದನ್ನು ಹಾಡಿದರೂ ಮೊದಲು ಕಲಿತದ್ದು ಮೈಯೊಳಗೆ ಎಲ್ಲಿಯೋ ಹಾಗೆಯೇ ಕುಳಿತಿತ್ತು. ಒಂದೇ ಶ್ವಾಸಕೋಶಕ್ಕೂ ಅದು ಓಗೊಟ್ಟಿತು.

ಈ ಇಬ್ಬರನ್ನೂ ಕುರಿತು ಯೋಚಿಸುತ್ತ ಹೋದಂತೆ ನನ್ನ ಪ್ರಶ್ನೆಯೇ ಬದಲಾಯಿತು. ಕಂಠ ಯಾರ ಸೊತ್ತು ಎಂದು ನಾನು ಆರಂಭಿಸಿದ್ದೆ: ಕಟ್ಟಿದ ಗುರುವಿನದೋ, ಕಾಸು ಕೊಟ್ಟು ಕೇಳುವ ಜನರದೋ, ಹಸಿದ ಮನೆಯದೋ? ಸೊತ್ತು ಎಂದೊಡನೆ ಬೇಲಿಯ ಮಾತು ಬರುತ್ತದೆ. ಯಾರು ಒಳಗೆ, ಯಾರು ಹೊರಗೆ. ಸೊತ್ತು ಎನ್ನುವ ಬದಲು ಸಾಲ ಎಂದುಕೊಂಡರೆ ಹೇಗೆ? ಸಾಲಗಾರ ಊರು ಬಿಟ್ಟು ದುಡಿಯಲು ಹೋದರೆ ದ್ರೋಹವೇನಲ್ಲ; ತೀರಿಸುವ ಮನಸ್ಸಿದೆಯೇ ಎಂಬುದೇ ಮುಖ್ಯ. ರಾಮಭಾವು ತಮ್ಮ ಗುರುವಿನ ಸಾಲವನ್ನು ಗಂಗೂಬಾಯಿಯವರ, ಭೀಮಸೇನರ ಕೈಗೆ ಎಣಿಸಿ ಕೊಟ್ಟರು. ಆದರೂ ಒಂದು ಕೊರೆ ಉಳಿಯುತ್ತದೆ. ಖಾನ್ ಸಾಹೇಬರು 1937ರಲ್ಲಿ, ಮದರಾಸಿನ ಕಡೆ ಪ್ರಯಾಣ ಮಾಡುತ್ತಿದ್ದಾಗ, ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನ ಮೇಲೆ ತೀರಿಕೊಂಡರು. ಶಿಷ್ಯ ನಾಟಕಕ್ಕೆ ಹೋದ ನೋವು ಅವರದೇ. ಅದನ್ನು ಭೀಮಸೇನರ ಕೀರ್ತಿಯಿಂದ ತುಂಬಿಕೊಡಲು ಬರುವುದಿಲ್ಲ. ಸಾಲ ತೀರಬಹುದು, ನೋಯಿಸಿದ್ದು ನೋಯಿಸಿದ್ದೇ. ಎರಡೂ ನಿಜವಾಗಿರಲು ಸಾಧ್ಯವೆಂದು ಒಪ್ಪಿಕೊಳ್ಳದೆ ಬೇರೆ ದಾರಿ ನನಗೆ ಕಾಣಲಿಲ್ಲ.

ಇಷ್ಟನ್ನು ತಿಳಿದುಕೊಂಡಿದ್ದರೆ ಅಂದು ಹುಡುಗನಿಗೆ ಏನು ಹೇಳುತ್ತಿದ್ದೆ? ಹಾಡು, ಆದರೆ ಬೆಳಗಿನ ಸಾಧನೆ ಬಿಡಬೇಡ ಎನ್ನುತ್ತಿದ್ದೆನೇ? ಗುರುಗಳ ಬಳಿ ನಾನೇ ಬಂದು ಮಾತಾಡುತ್ತೇನೆ ಎನ್ನುತ್ತಿದ್ದೆನೇ? ಮಾತಿಗಿಂತ ಮೊದಲು, ಮನೆಗೆ ತಿಂಗಳಿಗೆ ಎಷ್ಟು ಬೇಕಪ್ಪ ಎಂದು ಕೇಳಬೇಕಾಗಿತ್ತು. ಅದನ್ನು ನಾನು ಕೇಳಲೇ ಇಲ್ಲ. ಬೇರೆಯವರ ತ್ಯಾಗಕ್ಕೆ ನೀತಿ ಒದಗಿಸುವುದು ಬಹಳ ಸುಲಭ, ಖರ್ಚು ನಮ್ಮದಲ್ಲ.

ಹೋದ ತಿಂಗಳು ಅವನು ಸಿಕ್ಕಿದ. ಯಶವಂತಪುರದ ಬಸ್ ನಿಲ್ದಾಣದಲ್ಲಿ, ಸಂಜೆ ಏಳರ ಗದ್ದಲದಲ್ಲಿ, "ನಮಸ್ಕಾರ ಸಾರ್" ಎಂಬ ದನಿಯಿಂದಲೇ ಗುರುತು ಹಿಡಿದೆ. ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸವಂತೆ. ತಂದೆ ಈಗ ಪರವಾಗಿಲ್ಲವಂತೆ.

"ಪಾಠ ಹೇಗೆ ನಡೀತಿದೆಯಪ್ಪ?" ಎಂದೆ.

"ಪಾಠ ಬಿಟ್ಟು ಎರಡು ವರ್ಷ ಆಯ್ತು ಸಾರ್. ಕೆಲಸ ಎರಡು ಪಾಳಿ, ಹೋಗೋಕೆ ಆಗ್ಲಿಲ್ಲ."

"ಆರ್ಕೆಸ್ಟ್ರಾ?"

"ಇಲ್ಲ ಸಾರ್. ನೀವು ಬೇಡ ಅಂದ್ರಲ್ಲ."

ಆ ಮಾತಿನಲ್ಲಿ ಆಕ್ಷೇಪಣೆಯ ಎಳೆಯೂ ಇರಲಿಲ್ಲ. ಅಷ್ಟು ಗೌರವದಿಂದ ಅವನು ಹೇಳಿದ. ನನಗೆ ಕುಂದಗೋಳದ ವಿಷಯ ಹೇಳಬೇಕೆನ್ನಿಸಿತು. ಬಸ್ಸುಗಳ ಹಾರನ್ನಿನ ನಡುವೆ ಅದನ್ನು ಎಲ್ಲಿಂದ ಆರಂಭಿಸುವುದು? "ಒಂದು ಭಾನುವಾರ ಮನೆಗೆ ಬಾ," ಎಂದು ವಿಳಾಸ ಕೊಟ್ಟೆ. "ಬರ್ತೀನಿ ಸಾರ್," ಎಂದ. ನೆಲಮಂಗಲದ ಬಸ್ಸು ಬಂತು, ಓಡಿಹೋಗಿ ಹತ್ತಿಕೊಂಡ. ನಾಲ್ಕು ಭಾನುವಾರಗಳಾದುವು, ಇನ್ನೂ ಬಂದಿಲ್ಲ. ಮುಂದಿನ ಭಾನುವಾರ ನಾನೇ ಅವನ ಮನೆ ಹುಡುಕಿಕೊಂಡು ಹೋಗಬೇಕೆಂದಿದ್ದೇನೆ.